ಹುಳು ಮನೆಗೆ ತಂದ ಸ್ಪೀಕರುಗಳು

ನಮ್ಮ ಮನೆಯ ಹಿಂಭಾಗದ ಉದ್ದನೆಯ ಕೋಣೆಯಲ್ಲಿ ಈಗ ಎದೆಮಟ್ಟದ ಎರಡು ಸ್ಪೀಕರುಗಳು ನಿಂತಿವೆ. ಗೋಡೆಗೆ ತಗುಲಿಸುವಂಥವಲ್ಲ, ಮೇಜಿನ ಮೇಲೆ ಇಡುವಂಥವೂ ಅಲ್ಲ. ನೆಲದ ಮೇಲೆ ತಾವೇ ನಿಲ್ಲುವಂಥವು. ಮನೆಗೆ ಬಂದವರು ನಮ್ಮನ್ನು ಮಾತಾಡಿಸುವ ಮೊದಲು ಅವುಗಳ ಸುತ್ತ ಒಂದು ಪ್ರದಕ್ಷಿಣೆ ಹಾಕುತ್ತಾರೆ. "ಏನ್ ಮೇಷ್ಟ್ರೇ, ರಿಟೈರಾದ್ಮೇಲೆ ಟೆಂಟ್ ಸಿನಿಮಾ ಇಡೋ ಯೋಚನೆನಾ?" ಎಂದು ಕೇಳಿದವರೂ ಇದ್ದಾರೆ. ನಾನು ಹಲ್ಲು ಬಿಟ್ಟು ಸುಮ್ಮನಾಗುತ್ತೇನೆ. ಅವನ್ನು ಆರಿಸಿದ ಕಥೆಯನ್ನು ಇದುವರೆಗೆ ಯಾರಿಗೂ ಪೂರ್ತಿ ಹೇಳಿಲ್ಲ. ಹೇಳಬೇಕೆಂದರೆ ರೇಷ್ಮೆ ಹುಳುಗಳಿಂದ ಶುರು ಮಾಡಬೇಕು, ನನ್ನ ಹೆಂಡತಿಯ ಕಿವಿಯ ವಿಷಯ ಹೇಳಬೇಕು, ನಾನು ಬಾಯಿ ಮುಚ್ಚಿಕೊಂಡಿದ್ದ ಒಂದು ಬೆಳಗಿನ ವಿಷಯವನ್ನೂ ಹೇಳಬೇಕು.

ಆ ಕೋಣೆ ಮೂವತ್ತು ವರ್ಷಕ್ಕೂ ಮೇಲೆ ನಮ್ಮ ಹುಳು ಮನೆಯಾಗಿತ್ತು. ಚಿಂತಾಮಣಿಯಿಂದ ಕೆಂಚಾರ್ಲಹಳ್ಳಿ ಕಡೆಗೆ ಹೋಗುವ ದಾರಿಯಲ್ಲಿ ನಮ್ಮೂರು. ರೇಷ್ಮೆ ಹುಳು ಸಾಕದ ಮನೆಯನ್ನು ಅಲ್ಲಿ ಹುಡುಕಬೇಕು. ನಾನು ಚಿಂತಾಮಣಿಯ ಹೈಸ್ಕೂಲಿನಲ್ಲಿ ಗಣಿತದ ಮೇಷ್ಟ್ರು. ಬೆಳಿಗ್ಗೆ ಸ್ಕೂಟರ್ ಹತ್ತಿ ಹೋದರೆ ಸಂಜೆಗೆ ವಾಪಸ್ಸು. ಹಿಪ್ಪುನೇರಳೆ ತೋಟ, ಸೊಪ್ಪು, ಹುಳು ಎಲ್ಲವೂ ನನ್ನ ಹೆಂಡತಿಯದು. ನನ್ನ ಅಮ್ಮ ಅವಳಿಗೆ ಕೆಲಸ ಕಲಿಸಿ, ಅವಳು ತನಗಿಂತ ಚೆನ್ನಾಗಿ ಕಲಿತದ್ದನ್ನು ನೋಡಿಕೊಂಡೇ ಕಣ್ಣು ಮುಚ್ಚಿದಳು. ನನ್ನ ಮಟ್ಟಿಗೆ ಹೇಳುವುದಾದರೆ, ಹಬ್ಬದ ರಜೆಯಲ್ಲಿ ಸೊಪ್ಪಿನ ಹೊರೆ ಹೊತ್ತು ಬೆನ್ನು ಹಿಡಿಸಿಕೊಂಡದ್ದೇ ನನ್ನ ರೇಷ್ಮೆ ಕೃಷಿ.

ಹುಳು ಮನೆಗೆ ಕಟ್ಟುನಿಟ್ಟುಗಳಿರುತ್ತವೆ. ಕಾಲು ತೊಳೆಯದೆ ಒಳಗೆ ಬರುವಂತಿಲ್ಲ, ಪೌಡರ್ ಹಚ್ಚಿಕೊಂಡವರು ಹತ್ತಿರ ಸುಳಿಯುವಂತಿಲ್ಲ, ಅಡುಗೆಮನೆಯಲ್ಲಿ ಒಗ್ಗರಣೆ ಹಾಕುವಾಗ ನಡುವಿನ ಬಾಗಿಲು ಮುಚ್ಚಿರಬೇಕು. ಇವು ಎಲ್ಲರ ಮನೆಯಲ್ಲೂ ಇದ್ದದ್ದೇ. ನಮ್ಮ ಮನೆಯಲ್ಲಿ ಅಮ್ಮ ಇನ್ನೊಂದನ್ನು ಸೇರಿಸಿದ್ದಳು: ಒಳಗೆ ಯಾರೂ ಮಾತಾಡಕೂಡದು. ಹುಳುವಿಗೆ ತೊಂದರೆಯಾಗುತ್ತದೆ ಎಂದಲ್ಲ, ಹುಳು ಮೇಯುವ ಸದ್ದು ನಮಗೆ ಕೇಳಬೇಕು ಎಂದು.

ಹುಳು ಮೇವು ಬಿಟ್ಟು ಪೊರೆ ಕಳಚಲು ಕೂರುವುದನ್ನು ನಮ್ಮ ಕಡೆ ಜ್ವರ ಎನ್ನುತ್ತಾರೆ. ನಾಲ್ಕನೇ ಜ್ವರದಿಂದ ಎದ್ದ ಹುಳುವಿಗೆ ಎಲ್ಲಿಲ್ಲದ ಹಸಿವು. ಸೊಪ್ಪು ಹಾಕಿ ಸ್ವಲ್ಪ ಹೊತ್ತಾದರೆ ಸಾಕು, ಕೋಣೆ ತುಂಬ ಎಲೆಗಳ ಮೇಲೆ ಸಣ್ಣ ಮಳೆ ಹಿಡಿದ ಹಾಗೆ ಸದ್ದು ಏಳುತ್ತದೆ. ಸಾವಿರಾರು ಬಾಯಿಗಳು ಒಟ್ಟಿಗೆ ಎಲೆ ಕತ್ತರಿಸುವ ಸದ್ದು ಅದು. ಅಮ್ಮ ನನ್ನ ಹೆಂಡತಿಗೆ ಹೇಳುತ್ತಿದ್ದದ್ದು ನನಗೆ ಇವತ್ತಿಗೂ ನೆನಪಿದೆ. "ಸಪ್ಪೆ ರೋಗ ಬಂದ್ರೆ ಮೊದ್ಲು ಹುಳ ಮೇವು ಬಿಡ್ತದೆ. ರೋಗ ಕಣ್ಣಿಗೆ ಕಾಣೋ ಹೊತ್ಗೆ ಪಕ್ಕದ್ ಮನೆಗೂ ಹೋಗಿರ್ತದೆ. ಅದ್ನ ಕಿವೀಲಿ ಹಿಡೀಬೇಕು ಕಣಮ್ಮ."

ನನ್ನ ಹೆಂಡತಿ ಹಾಗೆ ಹಿಡಿದಳು ಕೂಡ. ಒಂದು ವರ್ಷ, ನಮ್ಮ ಮಗಳು ಇನ್ನೂ ಶಾಲೆಗೆ ಹೋಗುತ್ತಿದ್ದ ಕಾಲ, ಬೆಳಗಿನ ಜಾವ ಹುಳು ಮನೆಯ ಹೊಸ್ತಿಲಲ್ಲಿ ಕಣ್ಣು ಮುಚ್ಚಿ ನಿಂತವಳು, "ಮೇವು ತೆಳ್ಳಗಾಗೈತೆ," ಎಂದಳು. ಯಾರ ಕಣ್ಣಿಗೂ ಏನೂ ಕಾಣಲಿಲ್ಲ. ಅವಳು ಯಾರ ಮಾತನ್ನೂ ಕೇಳದೆ ಇಡೀ ಬೆಳೆಯನ್ನು ಗುಂಡಿಗೆ ಹಾಕಿಸಿ, ಸುಣ್ಣ ಸುರಿದು ಮುಚ್ಚಿಸಿದಳು. ಎರಡು ದಿನ ಬಿಟ್ಟು ಊರಿನ ಆ ತುದಿಯ ಮನೆಗಳಲ್ಲಿ ಹುಳು ಸಾಯತೊಡಗಿದವು. ನಮ್ಮ ಬೀದಿ ಉಳಿಯಿತು. ಅವತ್ತಿನಿಂದ ಹೆಂಡತಿಯ ಕಿವಿ ಊರಿನಲ್ಲಿ ಹೆಸರುವಾಸಿಯಾಯಿತು. ಪಕ್ಕದ ಮನೆಯಾಕೆ, ಮನೆಯಲ್ಲಿ ತೆಲುಗು ಆಡುವವಳು, ತನ್ನ ಹುಳು ನಾಲ್ಕನೇ ಜ್ವರ ಎದ್ದಾಗಲೆಲ್ಲ ಕಾಂಪೌಂಡಿನ ಆ ಕಡೆಯಿಂದ ಕೂಗುತ್ತಿದ್ದಳು: "ಅಕ್ಕಾ, ಒಕಸಾರಿ ವಚ್ಚಿ ವಿನಿಪೋ." ಒಂದು ಸಲ ಬಂದು ಕೇಳಿ ಹೋಗು ಎಂದು. ಇವಳು ಕಾಲು ತೊಳೆದುಕೊಂಡು ಹೋಗಿ, ಹೊಸ್ತಿಲಲ್ಲಿ ನಿಂತು, ತಲೆಯಾಡಿಸಿ ಬರುವಳು. ನಾನು ಮೂವತ್ತು ವರ್ಷ ಪಾಠ ಹೇಳಿದೆ, ನನ್ನನ್ನು ಯಾರೂ ಹಾಗೆ ಕರೆದದ್ದಿಲ್ಲ.

ಮಾತಿಲ್ಲದ ಕೋಣೆಯಿಂದ ನಮ್ಮ ಇಡೀ ಸಂಸಾರಕ್ಕೇ ಒಂದು ಅಭ್ಯಾಸ ಅಂಟಿಕೊಂಡಿತು. ಅವಳು ಎರಡು ಬೆರಳು ತೋರಿಸಿದರೆ ಇನ್ನೆರಡು ಹೊರೆ ಸೊಪ್ಪು ಬೇಕು, ಅಂಗೈ ಮಗುಚಿದರೆ ಸಾಕು. ಅವಳನ್ನು ಕರೆಯಬೇಕಾದರೆ ಹತ್ತಿರ ಹೋಗಿ ತೋಳು ಮುಟ್ಟುತ್ತಿದ್ದೆವು. ಊಟದ ಮನೆಯಲ್ಲೂ ಅದೇ, ಅಂಗಳದಲ್ಲೂ ಅದೇ. ಕೂಗಿದರೆ ಅವಳು ತಿರುಗುತ್ತಿರಲಿಲ್ಲ, ನಾವೂ ಕೂಗುತ್ತಿರಲಿಲ್ಲ. ನನ್ನ ಟ್ರಾನ್ಸಿಸ್ಟರ್ ಮಾತ್ರ ಪಂಪ್‌ಸೆಟ್ ಮನೆಯಲ್ಲಿ ವನವಾಸ ಮಾಡುತ್ತಿತ್ತು. ಸಂಗೀತವೆಂದರೆ ಜೀವ ಬಿಡುವ ನಾನು ಮೋಟಾರಿನ ಪಕ್ಕದಲ್ಲಿ ಕೂತು ಕೊಳಲು ಕೇಳುತ್ತಿದ್ದೆ.

ನಾನು ರಿಟೈರಾದ ಮಾರನೇ ವರ್ಷ, ಅಂದರೆ ಈಗ ಮೂರು ವರ್ಷದ ಹಿಂದೆ, ಒಂದು ಬೆಳಿಗ್ಗೆ ಅವಳು ಹೊಸ್ತಿಲಿನಿಂದ ಬಂದು ಅಡುಗೆಮನೆಯಲ್ಲಿ ಕೂತುಬಿಟ್ಟಳು. "ಮೇಯ್ತಾ ಇಲ್ಲ ರೀ," ಎಂದಳು. "ಒಂದು ಚೂರೂ ಸದ್ದಿಲ್ಲ." ನನಗೆ ಆಗ ಶೀತವಾಗಿ ಎರಡು ಕಿವಿಯೂ ಕಟ್ಟಿಕೊಂಡಿದ್ದವು, ಅಲ್ಲದೆ ಅವಳ ಮಾತಿನ ಮೇಲೆ ಮಾತಾಡುವ ರೂಢಿ ಮನೆಯಲ್ಲಿರಲಿಲ್ಲ. ಪಕ್ಕದ ಮನೆಯಾಕೆ ರೋಗಕ್ಕೆ ಹೆದರಿ ದೂರದಿಂದಲೇ ನೋಡಿ, "ಹುಳ ಚೆನ್ನಾಗೇ ಕಾಣ್ತಾವಲ್ಲಕ್ಕಾ," ಎಂದಳು. "ಕಾಣ್ತಾವೆ. ನಾಳಿದ್ದು ನಿನ್ ಮನೇಗೆ ಬರ್ತದೆ," ಎಂದು ಇವಳು ಅಂದ ಮೇಲೆ ಆಕೆಯೂ ಸುಮ್ಮನಾದಳು. ಗುಂಡಿ ತೋಡಿದೆವು.

ಮುಂದಿನ ಬೆಳೆಗೆ ಕೋಣೆಯನ್ನು ಮೂರು ಸಲ ತೊಳೆದಳು, ಸುಣ್ಣ ಬಳಿಸಿದಳು, ಹೊಸ ತಟ್ಟೆಗಳನ್ನು ತರಿಸಿದಳು. ನಾಲ್ಕನೇ ಜ್ವರ ಎದ್ದ ಎರಡನೇ ದಿನ ಮತ್ತೆ ಅದೇ ಮಾತು: ಸದ್ದಿಲ್ಲ. ಅವಳ ಕಿವಿಯ ಮೇಲೆ ನಾನೂ ಒಂದು ಸಲ ಕೇಳಿ ನೋಡಲು ಹೋಗಲಿಲ್ಲ. ಈ ಸಲ ಕುಕ್ಕೆಗಳನ್ನು ಹೊತ್ತು ಗುಂಡಿಗೆ ಸುರಿದವನು ನಾನೇ. ಕೊನೆಯ ಕುಕ್ಕೆಯಲ್ಲಿ ಒಂದು ಎಲೆ ಹುಳುಗಳ ಜೊತೆಯಲ್ಲೇ ಬಂದಿತ್ತು. ಅದರ ಅಂಚಿನಲ್ಲಿ ಒಂದು ಹುಳು ತಲೆಯನ್ನು ಮೇಲಿಂದ ಕೆಳಕ್ಕೆ, ಮೇಲಿಂದ ಕೆಳಕ್ಕೆ ಆಡಿಸುತ್ತ ಎಲೆಯನ್ನು ಕತ್ತರಿಸಿ ನುಂಗುತ್ತಿತ್ತು. ನಾನು ಅದನ್ನು ಕಣ್ಣಾರೆ ನೋಡಿದೆ. ಇದು ಮೇಯುತ್ತಿದೆಯಲ್ಲ ಎಂದು ಅನ್ನಿಸಿತು. ಅವಳ ಕಡೆ ತಿರುಗಿ ನೋಡಿದೆ. ಅವಳು ಸೆರಗಿನಿಂದ ಮೂಗು ಒರೆಸಿಕೊಳ್ಳುತ್ತ ಸುಣ್ಣದ ಚೀಲ ಬಿಚ್ಚುತ್ತಿದ್ದಳು. ಹುಳುವಿನ ವಿಷಯದಲ್ಲಿ ಬಾಯಿ ಹಾಕಲು ನಾನ್ಯಾರು ಎಂದುಕೊಂಡು ಕುಕ್ಕೆ ಕೊಡವಿದೆ.

"ಈ ಮನೆ ಇನ್ನು ಹುಳಕ್ಕೆ ಆಗಿಬರಲ್ಲ," ಎಂದು ಅವಳು ಸಂಜೆ ಹೇಳಿದಳು. ರೋಗ ಬಿದ್ದ ಮನೆಯವರು ಬೇರೆಯವರ ಹುಳು ಮನೆಗೆ ಕಾಲಿಡಬಾರದು ಎಂದು ಪಕ್ಕದ ಮನೆಗೆ ಹೋಗುವುದನ್ನೂ ಬಿಟ್ಟಳು. ತೋಟವನ್ನು ಆಕೆಗೇ ಗುತ್ತಿಗೆಗೆ ಕೊಟ್ಟೆವು. ಆಮೇಲೆ ಎರಡು ವರ್ಷ ಆ ಕೋಣೆಯ ಬಾಗಿಲು ತೆಗೆಯಲಿಲ್ಲ.

ತೆಗೆಸಿದವಳು ಮಗಳು. ಅವಳು ಗೌರಿಬಿದನೂರಿನಲ್ಲಿದ್ದಾಳೆ, ಗಂಡ ಹೆಂಡಿರಿಬ್ಬರೂ ಕುಡುಮಲಕುಂಟೆಯ ಕಾರ್ಖಾನೆಗಳಲ್ಲಿ ಎಂಜಿನಿಯರುಗಳು. "ಅಷ್ಟು ದೊಡ್ಡ ರೂಮು ಸುಮ್ನೆ ಬೀಗ ಹಾಕ್ಕೊಂಡು ಕೂತ್ರೆ ಅಮ್ಮ ಅದನ್ನೇ ನೋಡ್ಕೊಂಡು ಕೊರಗ್ತಾಳೆ ಅಪ್ಪ. ಫ್ಯಾಮಿಲಿ ರೂಂ ಮಾಡ್ಸಣ," ಎಂದಳು. ಕಿಟಕಿಗಳ ತಂತಿ ಜಾಲರಿ ಹೋಗಿ ಗಾಜು ಬಂತು. ಗಾರೆ ನೆಲ ಹೋಗಿ ಟೈಲ್ಸ್ ಬಂತು. ಹುಳುವಿನ ತಟ್ಟೆಗಳ ಸ್ಟ್ಯಾಂಡುಗಳನ್ನು ಬಿಗಿದಿದ್ದ ಬೋಲ್ಟುಗಳನ್ನು ಕಿತ್ತು, ತೂತುಗಳನ್ನು ಮುಚ್ಚಿ, ಗೋಡೆಗೆ ಬಾದಾಮಿ ಬಣ್ಣ ಬಳಿದರು. ಕೆಲಸ ಮುಗಿದ ದಿನ ಹೆಂಡತಿ ನಡು ಕೋಣೆಯಲ್ಲಿ ನಿಂತು, ನನ್ನ ಕಡೆ ನೋಡಿ, "ಇನ್ನು ಇಲ್ಲಿ ಸದ್ದು ಮಾಡ್ಬೋದು. ಇಷ್ಟ್ ವರ್ಷ ಪಂಪ್‌ಸೆಟ್ ಮನೇಲಿ ಕೂತ್ರಿ. ಊರಿಗೆಲ್ಲ ಕೇಳೋ ಅಂಥದ್ದು ತಗೊಳಿ," ಎಂದಳು. ಅವಳು ಸೋತದ್ದರಲ್ಲಿ ನನಗೆ ಏನಾದರೂ ಸಿಗಲಿ ಎಂದು ಹೇಳಿದ ಮಾತು ಅದು. ಆದರೂ ನನಗೆ ಖುಷಿಯಾಯಿತು ಎಂದು ಒಪ್ಪಿಕೊಳ್ಳಬೇಕು.

ಮೂರು ತಿಂಗಳು ನಾನು ಸ್ಪೀಕರುಗಳನ್ನು ಓದಿದೆ. ಓದಿದೆ ಎಂದೇ ಹೇಳಬೇಕು, ಏಕೆಂದರೆ ಕೇಳಲು ಒಂದೂ ಸಿಗಲಿಲ್ಲ. ಯಾವುದರ ಸ್ವರ ಎಷ್ಟು ಕೆಳಗಿಳಿಯುತ್ತದೆ, ಯಾವುದರದು ಎಷ್ಟು ಮೇಲೇರುತ್ತದೆ ಎಂದು ನೋಟ್‌ಬುಕ್ಕಿನಲ್ಲಿ ಗ್ರಾಫ್ ಹಾಕಿದೆ. ಗ್ರಾಫ್ ಹಾಕಿದಷ್ಟೂ ತಲೆ ಕೆಟ್ಟಿತು. ಒಬ್ಬ ಒಳ್ಳೆಯದು ಅಂದದ್ದನ್ನು ಇನ್ನೊಬ್ಬ ತಗಡು ಡಬ್ಬ ಎನ್ನುತ್ತಿದ್ದ. ಕೊನೆಗೆ ಸೋತು, ಹೆಂಡತಿಯ ತೋಳು ಮುಟ್ಟಿ, "ಆರಿಸೋದು ನೀನೇ ಕಣೇ. ಈ ಮನೇಲಿ ಕಿವಿ ಅನ್ನೋದು ಇರೋದು ನಿನಗೊಬ್ಬಳಿಗೆ," ಎಂದೆ. ಅವಳ ಮುಖ ಅರಳಿದ್ದನ್ನು ಏನೆಂದು ಹೇಳಲಿ! ಹುಳು ಹೋದ ಮೇಲೆ ಅವಳ ಕಿವಿಯನ್ನು ಯಾರೂ ಕೇಳಿರಲಿಲ್ಲ. ಮಾರನೇ ದಿನ ಮದುವೆಗೆ ಉಡುವ ರೇಷ್ಮೆ ಸೀರೆ ಉಟ್ಟು ಕಾರಿನಲ್ಲಿ ಕೂತಳು.

ಅಂಗಡಿ ಇದ್ದದ್ದು ಚಿಕ್ಕಬಳ್ಳಾಪುರದ ಬೈಪಾಸಿನ ಪಕ್ಕದಲ್ಲಿ. ಬೆಟ್ಟದ ಕಡೆ ದೊಡ್ಡ ದೊಡ್ಡ ಮನೆ ಕಟ್ಟಿಸುವವರಿಗಾಗಿ ತೆರೆದ ಅಂಗಡಿ. ನಮ್ಮಂಥವರು ಒಳಗೆ ಹೋದರೆ ದಾರಿ ಕೇಳಲು ಬಂದಿದ್ದಾರೆ ಎಂದುಕೊಳ್ಳಬೇಕು, ಅಂಥದ್ದು. ಆದರೆ ಅಂಗಡಿಯಾತ ಒಳ್ಳೆಯ ಮನುಷ್ಯ. ನಲವತ್ತು ದಾಟಿದವನು, ಮೆಲ್ಲಗೆ ಮಾತಾಡುವವನು. "ಚಪ್ಪಲಿ ಇಲ್ಲೇ ಬಿಡಿ ಅಮ್ಮ," ಎಂದು ಒಳಗಿನ ಕೇಳುವ ಕೋಣೆಗೆ ಕರೆದುಕೊಂಡು ಹೋದ. ದಪ್ಪ ಪರದೆ, ಮೆತ್ತನೆಯ ನೆಲಹಾಸು, ಹೊರಗಿನ ಸದ್ದು ಒಂದಿಷ್ಟೂ ಇಲ್ಲ. ನನ್ನ ಹೆಂಡತಿ ಬಾಗಿಲಲ್ಲೇ ನಿಂತು ಅತ್ತಿತ್ತ ಹುಡುಕಿದಳು. ಏನು ಎಂದು ಕಣ್ಣಲ್ಲೇ ಕೇಳಿದೆ. "ಕಾಲು ತೊಳೆಯೋಕೆ ನಲ್ಲಿ ಎಲ್ಲೈತೆ?" ಎಂದಳು. ಅಂಗಡಿಯಾತನಿಗೆ ಅರ್ಥವಾಗಲಿಲ್ಲ. ನನಗಾಯಿತು, ನಕ್ಕೆ.

ಮೂರು ಜೊತೆ ಸ್ಪೀಕರುಗಳಿದ್ದವು. ಒಂದೊಂದರಲ್ಲೂ ಒಂದೇ ತನಿಯಾವರ್ತನ ಹಾಕಿದ. ಅವಳು ಹೊಸ್ತಿಲಲ್ಲಿ ನಿಲ್ಲುತ್ತಿದ್ದ ಹಾಗೆಯೇ ಕಣ್ಣು ಮುಚ್ಚಿ, ತಲೆ ಸ್ವಲ್ಪ ವಾಲಿಸಿ ಕೂತಳು. ಎರಡನೆಯದಕ್ಕೆ ಕಣ್ಣು ತೆರೆದು, "ಇದು ಚೆನ್ನಾಗೈತೆ. ಮೃದಂಗ ಎದೇಗೆ ಬಂದು ಬಡೀತದೆ," ಎಂದಳು. ನಾನು ನೋಟ್‌ಬುಕ್ಕಿನಲ್ಲಿ ಎರಡನೆಯದಕ್ಕೆ ಟಿಕ್ ಹಾಕಿದೆ. ಮೂರನೆಯದರ ಮೇಲೆ ಅಂಗಡಿಯಾತನಿಗೆ ಪ್ರೀತಿ ಹೆಚ್ಚು. ಸಣ್ಣ ಸದ್ದುಗಳನ್ನು ಬಿಡಿಬಿಡಿಯಾಗಿ ಕೊಡುತ್ತದೆ ಎಂದು ವಿವರಿಸಿ, "ಸಂಗೀತ ಬೇಡ ಸಾರ್, ಇದನ್ನ ಕೇಳಿ. ಎಲೆ ಮೇಲೆ ಮಳೆ ಬೀಳೋದನ್ನ ಯಾರೋ ರೆಕಾರ್ಡ್ ಮಾಡಿದ್ದಾರೆ," ಎಂದು ಗುಂಡಿ ಒತ್ತಿದ.

ಸದ್ದು ಶುರುವಾಯಿತು. ಅದು ಮಳೆಯಲ್ಲ, ನಮ್ಮ ಹುಳು ಮನೆ. ನಾಲ್ಕನೇ ಜ್ವರ ಎದ್ದ ಹುಳು, ಬೆಳಗಿನ ಸೊಪ್ಪು, ಅಮ್ಮ ಬೆರಳು ತುಟಿಗಿಟ್ಟುಕೊಂಡು ನಿಂತದ್ದು, ಎಲ್ಲ ಒಂದೇ ಸಲ ಕಣ್ಣ ಮುಂದೆ ಬಂತು. ನೋಡು, ಕೇಳಿಸಿತಾ, ನಿನ್ನ ಹುಳು ಎಂದು ಹೇಳುವವನ ಹಾಗೆ ಅವಳ ಕಡೆ ತಿರುಗಿದೆ. ಅವಳು ಕೈಗಳನ್ನು ಮಡಿಲಲ್ಲಿಟ್ಟುಕೊಂಡು, ಹೊಸ ಮನೆಗೆ ಬಂದ ನೆಂಟರ ಹಾಗೆ ನಗುತ್ತ ಕಾಯುತ್ತಿದ್ದಳು. ನಾನು ನೋಡಿದ್ದನ್ನು ನೋಡಿ ಬಗ್ಗಿ, "ಇನ್ನೂ ಹಾಕಿಲ್ವಾ ಅವ್ರು?" ಎಂದು ಕೇಳಿದಳು.

ಅಂಗಡಿಯಾತ ಅವಳನ್ನೂ ನೋಡಿದ, ನನ್ನನ್ನೂ ನೋಡಿದ. ಸದ್ದು ಏರಿಸಿದ. ಇನ್ನೂ ಏರಿಸಿದ. ನನ್ನ ಕಿವಿಗೆ ಜಡಿಮಳೆ ಹೊಡೆಯುವಷ್ಟಾದಾಗ ಅವಳು, "ಆಂ, ಈಗ ಏನೋ ಸುಯ್ ಅಂತೈತೆ," ಎಂದಳು. ಆತ ನಿಲ್ಲಿಸಿಬಿಟ್ಟ. ನನ್ನನ್ನು ಪರದೆಯ ಹತ್ತಿರ ಕರೆದು, "ಸಾರ್, ಮೊದ್ಲು ಅಮ್ಮನ್ನ ಕಿವಿ ಡಾಕ್ಟ್ರ ಹತ್ರ ಕರ್ಕೊಂಡೋಗಿ. ಸ್ಪೀಕರ್ ಎಲ್ಲೂ ಓಡೋಗಲ್ಲ," ಎಂದ. ನನಗೆ ಎಲ್ಲಿಲ್ಲದ ಸಿಟ್ಟು ಬಂತು. "ನಿಮ್ಮ ಡಬ್ಬಾನೇ ಸರಿ ಇಲ್ಲ ಬಿಡ್ರಿ," ಎಂದುಬಿಟ್ಟೆ. ಆತ ಬೇಜಾರು ಮಾಡಿಕೊಳ್ಳಲಿಲ್ಲ. ಆ ಕ್ಷಣಕ್ಕೆ ಆತ ಬೇಜಾರು ಮಾಡಿಕೊಂಡಿದ್ದರೆ ನನಗೆ ಅನುಕೂಲವಾಗುತ್ತಿತ್ತು.

ಕಾರಿನಲ್ಲಿ ಅವಳು, "ಏನಂದ್ರು?" ಎಂದಳು. "ಇನ್ನೊಂದು ಜೊತೆ ಬರೋದಿದೆಯಂತೆ, ನೋಡಿ ತಗೊಳಿ ಅಂದ್ರು," ಎಂದೆ. ಶಿಡ್ಲಘಟ್ಟ ಬಂತು. ಗೂಡಿನ ಮಾರುಕಟ್ಟೆಯ ಮುಂದೆ ಗಾಡಿಗಳು ಅಡ್ಡಡ್ಡ ನಿಂತಿದ್ದವು. ಅವಳು ಕಿಟಕಿಯ ಕಡೆ ತಿರುಗಿ ಗೂಡಿನ ಮೂಟೆಗಳನ್ನೇ ನೋಡುತ್ತಿದ್ದಳು. ನಾನು ರಸ್ತೆಯ ಮೇಲೆ ಕಣ್ಣಿಟ್ಟು, ಸಾಧಾರಣ ದನಿಯಲ್ಲಿ, "ನಿನಗೆ ಎಷ್ಟು ದಿನದಿಂದ ಕೇಳಿಸ್ತಾ ಇಲ್ಲ?" ಎಂದೆ. ಅವಳು ತಿರುಗಲಿಲ್ಲ. ಇನ್ನೊಂದು ಸಲ ಹೇಳಿದೆ. ಅವಳು ಮೂಟೆಗಳನ್ನು ನೋಡುತ್ತಲೇ, "ಈ ಸಲ ಗೂಡು ಚೆನ್ನಾಗಿ ಬಂದಂಗೈತೆ," ಎಂದಳು. ಅಲ್ಲಿಂದ ಮನೆಯವರೆಗೆ ನಾನು ಮಾತಾಡಲಿಲ್ಲ. ಅವಳಿಗೆ ಅದು ಹೊಸದಾಗಿ ಕಾಣಲಿಲ್ಲ.

ಚಿಂತಾಮಣಿಯ ಕಿವಿ ಡಾಕ್ಟರು ಒಂದು ವಾರದ ಮೇಲೆ ನನ್ನ ಕೈಗೆ ಒಂದು ಗ್ರಾಫ್ ಕೊಟ್ಟರು. ಜೀವಮಾನವೆಲ್ಲ ಮಕ್ಕಳಿಗೆ ಗ್ರಾಫ್ ಹೇಳಿಕೊಟ್ಟವನಿಗೆ ಅದನ್ನು ಯಾರೂ ವಿವರಿಸಬೇಕಾಗಿರಲಿಲ್ಲ. ಎಡಗಡೆಯ ತಗ್ಗು ಸ್ವರಗಳಿಂದ ಸ್ವಲ್ಪ ದೂರ ಮಟ್ಟಸವಾಗಿ ಬಂದ ಗೆರೆ ಆಮೇಲೆ ಬಾವಿಗೆ ಬಿದ್ದ ಹಾಗೆ ಇಳಿದಿತ್ತು. "ಇದು ನಿನ್ನೆ ಮೊನ್ನೇದಲ್ಲ. ಎಂಟು ಹತ್ತು ವರ್ಷದಿಂದ ಇಳೀತಾ ಬಂದಿರ್ಬೇಕು," ಎಂದರು ಡಾಕ್ಟರು. "ಸಣ್ಣ ಸದ್ದುಗಳು ಮೊದ್ಲು ಹೋಗ್ತವೆ. ಎಲೆ ಅಲ್ಲಾಡೋದು, ತುಂತುರು ಮಳೆ, ಇಂಥವು. ಮನೇಲಿ ಯಾರೂ ಗಮನಿಸ್ಲಿಲ್ವಾ?" ಏನೆಂದು ಹೇಳಲಿ? ನಮ್ಮ ಮನೆಯಲ್ಲಿ ಕೂಗುವವರೇ ಇರಲಿಲ್ಲ, ತೋಳು ಮುಟ್ಟಿ ತೋಳು ಮುಟ್ಟಿಯೇ ಒಬ್ಬ ಹೆಂಗಸಿನ ಕಿವುಡನ್ನು ಸಾಕಿದೆವು ಎಂದು ಹೇಳಲೇ? ಅವಳು ತುಟಿ ನೋಡಿ ಮಾತು ಹಿಡಿಯುತ್ತಿದ್ದಳು. ತಾನು ಕೇಳುತ್ತಿದ್ದೇನೆ ಎಂದೇ ಅವಳೂ ತಿಳಿದಿದ್ದಳು.

ಅಲ್ಲಿ ಕುರ್ಚಿಯಲ್ಲಿ ಕೂತೇ ಲೆಕ್ಕ ಕೂಡಿತು. ಮೂರು ವರ್ಷದ ಹಿಂದಿನ ಆ ಎರಡು ಬೆಳೆಗಳಿಗೆ ಯಾವ ರೋಗವೂ ಬಂದಿರಲಿಲ್ಲ. ಹುಳು ಮೇಯುತ್ತಲೇ ಇದ್ದವು. ನಾನು ನೋಡಿದ ಆ ಒಂದು ಹುಳುವೇ ನಿಜ ಹೇಳಿತ್ತು. ಇದನ್ನು ಅವಳಿಗೆ ಹೇಗೆ ಹೇಳುವುದು? ಹಣ್ಣಾಗಿ ಗೂಡು ಕಟ್ಟಲು ನಾಲ್ಕು ದಿನವಿದ್ದ ಹುಳುಗಳನ್ನು ಅವಳು ಮಣ್ಣು ಮಾಡಿಸಿದಳು ಎಂದೇ? ಅವಳ ಮಾತಿಗೆ ಇಡೀ ಊರು ತಲೆಬಾಗುತ್ತಿದ್ದದ್ದೇ ಅವಳ ಕೆಲಸವನ್ನು ಮುಗಿಸಿತು ಎಂದೇ?

"ಏನಂತೆ?" ಎಂದು ಅವಳು ಹೊರಗೆ ಬೆಂಚಿನ ಮೇಲಿಂದ ಕೇಳಿದಳು.

"ವಯಸ್ಸಿಗೆ ಕಿವಿ ಸ್ವಲ್ಪ ಮಂದ ಆಗಿದೆಯಂತೆ. ಮಿಷನ್ ಹಾಕಿದ್ರೆ ಸರಿಹೋಗ್ತದೆ."

"ಯಾವಾಗಿಂದ?"

"ಈಚೆಗೆ. ಒಂದಾರು ತಿಂಗಳಿಂದ."

ಅವಳು ನನ್ನ ತುಟಿಗಳನ್ನೇ ನೋಡುತ್ತಿದ್ದಳು. "ಆರು ತಿಂಗಳಾ," ಎಂದಳು. ಬೆರಳು ಮಡಿಚಿ ಏನೋ ಎಣಿಸಿದಳು. ಆಮೇಲೆ ನಿರಾಳವಾಗಿ ಎದ್ದಳು. ಅವಳು ಏನು ಎಣಿಸಿದಳೆಂದು ನನಗೆ ಗೊತ್ತಿತ್ತು.

ಸಂಜೆ ಮಗಳಿಗೆ ಫೋನಿನಲ್ಲಿ ಕಿವಿಯ ವಿಷಯ, ಆ ಎರಡು ಬೆಳೆಗಳ ವಿಷಯ ಹೇಳಿದೆ. "ಅಮ್ಮ ಫೋನ್ ಎತ್ತಿದ್ ತಕ್ಷಣ ನಿನ್ ಕೈಗೆ ಕೊಟ್ಬಿಡ್ತಾಳಲ್ಲ ಅಪ್ಪ, ಇಷ್ಟ್ ವರ್ಷ ನಾನು ಅವಳಿಗೆ ನನ್ ಮೇಲೆ ಕೋಪ ಅನ್ಕೊಂಡಿದ್ದೆ," ಎಂದಳು. ಆಮೇಲೆ, "ಹೇಳ್ಬಿಡು. ಅವಳಾಗೇ ಕಂಡ್ಕೊಂಡ್ರೆ ಇನ್ನೂ ಕಷ್ಟ," ಎಂದಳು. ಹೂಂ ಎಂದೆ. ಹೇಳಲಿಲ್ಲ. ದಿನಾ ಬೆಳಿಗ್ಗೆ ಕಾಫಿ ಹೊತ್ತಿಗೆ ಹೇಳಬೇಕೆಂದುಕೊಳ್ಳುತ್ತಿದ್ದೆ. ಅವಳು ನನ್ನ ಬಾಯಿಯ ಕಡೆ ನೋಡಿದ ಕೂಡಲೇ ಸಕ್ಕರೆ ಕಡಿಮೆಯಾಗಿದೆ ಎನ್ನುತ್ತಿದ್ದೆ. ಪಾಪ, ಆ ತಿಂಗಳು ಅವಳು ಮಾಡಿದ ಕಾಫಿಗೆಲ್ಲ ಸಕ್ಕರೆ ಹೆಚ್ಚು.

ಮಿಷನ್ ತಯಾರಾಗಿ ಬರಲು ಕೆಲವು ವಾರ ಹಿಡಿಯುತ್ತದೆ ಎಂದಿದ್ದರು. ನಡುವೆ ನಾನೊಬ್ಬನೇ ಚಿಕ್ಕಬಳ್ಳಾಪುರಕ್ಕೆ ಹೋಗಿ, ಮೊದಲು ಅಂಗಡಿಯಾತನ ಕ್ಷಮೆ ಕೇಳಿ, ಎರಡನೇ ಜೊತೆ ಸ್ಪೀಕರು ಕೊಡಿ ಎಂದೆ. "ನಿಮ್ಮ ಸಂಗೀತಕ್ಕೆ ಮೂರನೇದು ಒಳ್ಳೇದು ಸಾರ್, ಇನ್ನೊಂದ್ಸಲ ಕೇಳಿ ನೋಡಿ," ಎಂದ. ಕೇಳಲು ನನಗೆ ಮನಸ್ಸಿರಲಿಲ್ಲ. ಅವಳು ಚೆನ್ನಾಗಿದೆ ಅಂದದ್ದು ಎರಡನೆಯದನ್ನು, ಅಲ್ಲಿಗೆ ಮುಗಿಯಿತು. ಮನೆಗೆ ಬಂದು ನಿಂತ ದಿನ ಅವಳು ನೆಲ ಸಾರಿಸಿ, ಅವುಗಳಿಗೆ ಅರಿಶಿನ ಕುಂಕುಮ ಹಚ್ಚಿದಳು. ಮೃದಂಗ ಹಾಕಿದೆ. ಅವಳು ಮರದ ಮೈಮೇಲೆ ಅಂಗೈ ಇಟ್ಟುಕೊಂಡು ನಿಂತು, "ಬತ್ತಾ ಐತೆ," ಎಂದು ನಕ್ಕಳು.

ಮಿಷನ್ ಬಂತು. ಎರಡು ಕಿವಿಗೂ ಒಂದೊಂದು, ಹುರುಳಿಕಾಳಿಗಿಂತ ಸ್ವಲ್ಪ ದೊಡ್ಡವು. ಮೊದಲ ಮೂರು ದಿನ ನನಗೆ ಮನೆಯಲ್ಲಿ ಉಳಿಗಾಲವಿರಲಿಲ್ಲ. "ಈ ಫ್ಯಾನು ಯಾವಾಗ್ಲೂ ಹಿಂಗೇ ಕಿರ್ ಅಂತಿತ್ತಾ?" ಎಂದಳು. "ಹೂಂ." "ನಿಮ್ ಚಪ್ಪಲಿ?" "ಅದೂ ಅಷ್ಟೇ." "ಉಣ್ಣೋವಾಗ ಇಷ್ಟು ಸೊರಸೊರ ಅಂತೀರಲ್ಲ, ಇದೂ ಮೊದ್ಲಿಂದಾನಾ?" ಎಂದಾಗ ಇಬ್ಬರೂ ನಕ್ಕೆವು. ಗುಬ್ಬಿಯ ಸದ್ದಿಗೆ ತಟ್ಟೆ ಬಿಟ್ಟು ಎದ್ದು ಹೊರಗೆ ಓಡಿದಳು. ಮಗಳ ಜೊತೆ ಫೋನಿನಲ್ಲಿ ಅರ್ಧ ಗಂಟೆ ಮಾತಾಡಿದಳು. ಅವಳ ಸಂತೋಷ ನೋಡಿದಷ್ಟೂ ನಾನು ಕಾಂಪೌಂಡಿನ ಆ ಕಡೆಗೆ ಕಣ್ಣು ಹಾಯಿಸುತ್ತಿದ್ದೆ. ಏಕೆಂದರೆ ಪಕ್ಕದ ಮನೆಯಲ್ಲಿ ಹುಳು ನಾಲ್ಕನೇ ಜ್ವರಕ್ಕೆ ಕೂತಿದ್ದವು.

"ಹತ್ತು ದಿನ ಗೌರಿಬಿದನೂರಿಗೆ ಹೋಗಿ ಬರಣ," ಎಂದೆ. ಬೇಡ ಎಂದಳು. "ಅವಳು ಕರೀತಿದ್ದಾಳೆ," ಎಂದೆ. "ನಿನ್ನೆ ತಾನೆ ಮಾತಾಡ್ದೆ, ಕರೀಲಿಲ್ವಲ್ಲ," ಎಂದಳು. ಕಿವಿ ಬಂದ ಹೆಂಡತಿಗೆ ಸುಳ್ಳು ಹೇಳುವುದು ಸುಲಭವಲ್ಲ ಎಂದು ಗೊತ್ತಾಯಿತು. ಪಕ್ಕದ ಮನೆಯಾಕೆಗೆ ಮುಂಚೆಯೇ ಒಂದು ಮಾತು ಹೇಳಿಡೋಣವೆಂದು ಎರಡು ಸಲ ಕಾಂಪೌಂಡಿನವರೆಗೆ ಹೋಗಿ ವಾಪಸ್ಸು ಬಂದೆ. ಏನೆಂದು ಹೇಳುವುದು, ನನ್ನ ಹೆಂಡತಿಯನ್ನು ಕರೆಯಬೇಡ ಎಂದೇ?

ಕರೆದಳು. ಒಂದು ಬೆಳಿಗ್ಗೆ ತಿಂಡಿಯಾದ ಮೇಲೆ ಕಾಂಪೌಂಡಿನ ಆ ಕಡೆಯಿಂದ ಮೂರು ವರ್ಷದ ಮೇಲೆ ಅದೇ ಕೂಗು ಬಂತು: "ಅಕ್ಕಾ, ಒಕಸಾರಿ ವಚ್ಚಿ ವಿನಿಪೋ." ಇವಳು ಈ ಸಲ ಕೂಗಿಗೇ ತಿರುಗಿದಳು. "ರೋಗದ್ ಮನೆಯವಳು ಕಣೇ ನಾನು," ಎಂದಳು. "ಈಗ ಅಲ್ಲಿ ಹುಳ ಎಲ್ಲೈತಕ್ಕಾ, ಸೋಫಾ ಐತೆ. ಬಾ," ಎಂದಳು ಆಕೆ. ನಾನು ಏನಾದರೂ ಹೇಳುವಷ್ಟರಲ್ಲಿ ನಲ್ಲಿ ಬಿಟ್ಟ ಸದ್ದಾಯಿತು. ಇವಳು ಕಾಲು ತೊಳೆದುಕೊಳ್ಳುತ್ತಿದ್ದಳು.

ಅವಳು ಬರುವವರೆಗೆ ನಾನು ಈ ಕೋಣೆಯಲ್ಲಿ, ಈ ಸ್ಪೀಕರುಗಳ ಮುಂದೆ ಕೂತಿದ್ದೆ. ಏನೂ ಹಾಕಲಿಲ್ಲ. ಸಾಮಾನ್ಯವಾಗಿ ಅವಳು ಕೇಳಿ ಬರಲು ಐದು ನಿಮಿಷ ಸಾಕಾಗುತ್ತಿತ್ತು. ಅವತ್ತು ಅರ್ಧ ಗಂಟೆಯಾಯಿತು.

ಬಂದು ನನ್ನ ಎದುರಿಗೆ ಕೂತಳು. ಬೋಲ್ಟಿನ ತೂತು ಮುಚ್ಚಿದ ಗೋಡೆಯನ್ನು ಸ್ವಲ್ಪ ಹೊತ್ತು ನೋಡಿದಳು.

"ಮೇಯ್ತಾವೆ," ಎಂದಳು.

"ಚೆನ್ನಾಗಾ?"

"ಮಳೆ ಹುಯ್ದಂಗೆ." ಕಿವಿಯಿಂದ ಒಂದು ಮಿಷನ್ ತೆಗೆದು ಅಂಗೈಯಲ್ಲಿಟ್ಟುಕೊಂಡಳು. "ಅಲ್ಲಿ ನಿಂತ್ಕಂಡು ಇದ್ನ ತೆಗೆದೆ. ಏನೂ ಇಲ್ಲ. ಹಾಕ್ಕಂಡೆ. ಐತೆ. ಮತ್ತೆ ತೆಗೆದೆ." ಇನ್ನೊಂದನ್ನೂ ತೆಗೆದಳು. "ಆ ಏನೂ ಇಲ್ದೇ ಇರೋದು ನಂಗೆ ಗೊತ್ತು ರೀ. ಮೊದ್ಲೂ ಕೇಳಿದೀನಿ. ಆ ಎರಡು ಬೆಳೇಲೂ ಅದೇ ಇತ್ತು."

ನಾನು ಸ್ಪೀಕರಿನ ಮೇಲಿನ ಧೂಳನ್ನು ಬೆರಳಿನಿಂದ ಒರೆಸಿದೆ.

"ಗುಂಡೀಗೆ ಸುರಿದೋರು ನೀವು. ಕಣ್ಣಲ್ಲಿ ನೋಡಿದೀರಿ." ಈಗ ಅವಳು ನನ್ನ ಬಾಯಿಯನ್ನೇ ನೋಡುತ್ತಿದ್ದಳು. "ಮೇಯ್ತಾ ಇದ್ವಾ?"

ಎರಡೇ ಅಕ್ಷರದಷ್ಟು ಕೆಲಸ. ತುಟಿ ಆಡಿಸಿದರೆ ಸಾಕು. "ಇಲ್ಲ," ಎಂದೆ. "ಇಲ್ಲ ಕಣೇ. ಮೇಯ್ತಿರಲಿಲ್ಲ."

ಅವಳು ನನ್ನ ತುಟಿಗಳನ್ನು ಓದಿ ಮುಗಿಸಿದಳು. ಆಮೇಲೆ ಮಿಷನ್ನುಗಳನ್ನು ಒಂದೊಂದಾಗಿ ಕಿವಿಗೆ ಹಾಕಿಕೊಂಡಳು. ಬೆರಳಿನಿಂದ ಒತ್ತಿ ಸರಿ ಮಾಡಿಕೊಂಡಳು. ಹುಳು ಮನೆಯ ಹೊಸ್ತಿಲಲ್ಲಿ ಮಾಡುತ್ತಿದ್ದ ಹಾಗೆ ಕಣ್ಣು ಮುಚ್ಚಿ, ತಲೆ ಸ್ವಲ್ಪ ವಾಲಿಸಿ ಕೂತಳು.

"ಈಗ ಇನ್ನೊಂದ್ಸಲ ಹೇಳಿ," ಎಂದಳು.

ಬಾಯಿ ತೆರೆದೆ. ದನಿ ಹೊರಡಲಿಲ್ಲ. ಫ್ಯಾನು ಕಿರ್ ಕಿರ್ ಎನ್ನುತ್ತಿತ್ತು. ಅವಳು ಬಹಳ ಹೊತ್ತು ಕಾದಳು. ಕಣ್ಣು ಮಾತ್ರ ತೆರೆಯಲಿಲ್ಲ.

"ಕೇಳಿಸ್ತು ಬಿಡಿ," ಎಂದಳು.